ಸಣ್ಣ ರೈತನ ಲೆಕ್ಕ
(ಸುವರ್ಣ ಮಹೋತ್ಸವದ ಕೃಷಿ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ಐವತ್ತರ ಹಬ್ಬದಲ್ಲಿ ಕೃಷಿಗೂ ಒಂದು ಗೋಷ್ಠಿ ಇಟ್ಟಿದ್ದು ಸರಿಯಾಯಿತು. ಇಲ್ಲಿ ಕಲಿತ ಬಹುಪಾಲು ಮಕ್ಕಳ ಪುಸ್ತಕದ ದುಡ್ಡು, ಬಸ್ ಚಾರ್ಜು ಹುಟ್ಟಿದ್ದು ಹೊಲದಲ್ಲೇ. ನನಗೆ ಕೊಟ್ಟ ವಿಷಯ ‘ಸಣ್ಣ ರೈತ ಮತ್ತು ಸಾವಯವ ಕೃಷಿ’. ಸಾವಯವ ಒಳ್ಳೆಯದು ಎನ್ನುವ ಭಾಷಣವನ್ನು ನೀವೆಲ್ಲ ಬೇಕಾದಷ್ಟು ಕೇಳಿದ್ದೀರಿ. ಕರ್ನಾಟಕ ಸರ್ಕಾರ ಸಾವಯವ ಕೃಷಿ ನೀತಿ ತಂದದ್ದೇ 2004ರಲ್ಲಿ. ಇಷ್ಟು ವರ್ಷ ಕೇಳಿಯೂ ನಮ್ಮ ರೈತ ಯಾಕೆ ಹಿಂದೆ ಮುಂದೆ ನೋಡುತ್ತಾನೆ? ಅವನಿಗೆ ತಿಳಿವಳಿಕೆ ಸಾಲದು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಲೆಕ್ಕ ಹಾಕುತ್ತಿದ್ದಾನೆ. ಆ ಲೆಕ್ಕವನ್ನು ನಾವೂ ಒಮ್ಮೆ ಕೂತು ಹಾಕೋಣ.

2015-16ರ ಕೃಷಿ ಗಣತಿ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ 86 ಹಿಡುವಳಿಗಳು 2 ಹೆಕ್ಟೇರಿಗಿಂತ, ಅಂದರೆ ಐದು ಎಕರೆಗಿಂತ ಚಿಕ್ಕವು. ಇಲ್ಲಿ ಕೂತವರಲ್ಲಿ ಹೆಚ್ಚಿನವರದ್ದು ಅದಕ್ಕೂ ಕಡಿಮೆ. ಇಷ್ಟು ಜಮೀನಿನಲ್ಲಿ ಒಂದು ಬೆಳೆ ತಪ್ಪಿದರೆ ಮಗಳ ಕಾಲೇಜು ನಿಲ್ಲುತ್ತದೆ, ಇಲ್ಲವೇ ಒಡವೆ ಗಿರವಿ ಅಂಗಡಿಗೆ ಹೋಗುತ್ತದೆ.

ಮೊದಲ ಲೆಕ್ಕ ಗೊಬ್ಬರದ್ದು. ಮಳೆಯಾಶ್ರಿತ ರಾಗಿಗೆ ಎಕರೆಗೆ ಸುಮಾರು 20 ಕೆ.ಜಿ. ಸಾರಜನಕ ಬೇಕು ಎಂಬುದು ಶಿಫಾರಸು. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ ಇರುವುದರಿಂದ 45 ಕೆ.ಜಿ.ಯ ಒಂದು ಮೂಟೆಯಲ್ಲಿ ಅಷ್ಟೂ ಸಿಗುತ್ತದೆ. ಸಬ್ಸಿಡಿ ಇರುವುದರಿಂದ ಮೂಟೆಯ ಬೆಲೆ ಮುನ್ನೂರು ರೂಪಾಯಿ ದಾಟುವುದಿಲ್ಲ, ಸೈಕಲ್ಲಿನ ಮೇಲೂ ತರಬಹುದು. ಅದೇ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು. ಹಾಗಾದರೆ 4 ಟನ್ ಬೇಕು. ಒಂದು ನಾಟಿ ಹಸು ದಿನಕ್ಕೆ ಹತ್ತು ಕೆ.ಜಿ. ಆಸುಪಾಸು ಸಗಣಿ ಹಾಕುತ್ತದೆ. ಅದು ತಿಪ್ಪೆಯಲ್ಲಿ ಕೊಳೆತು ಒಣಗುವಾಗ ಅರ್ಧಕ್ಕೆ ಇಳಿಯುತ್ತದೆ. ಅಲ್ಲಿಗೆ ಒಂದು ಎಕರೆಗೆ ಎರಡು ಹಸುವಿನ ಇಡೀ ವರ್ಷದ ಸಗಣಿ ಬೇಕಾಯಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಟ್ಟುವ ಮನೆ ಎಷ್ಟು ಉಳಿದಿವೆ, ನೀವೇ ಎಣಿಸಿ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಯೂರಿಯಾ ಸಾರಜನಕ ಬಿಟ್ಟು ಬೇರೇನೂ ಕೊಡುವುದಿಲ್ಲ. ಕೊಟ್ಟಿಗೆ ಗೊಬ್ಬರ ನಿಧಾನವಾಗಿ ಕರಗಿ ಎರಡು ಮೂರು ವರ್ಷ ಕೆಲಸ ಮಾಡುತ್ತದೆ, ಮಣ್ಣಿಗೆ ನೀರು ಹಿಡಿಯುವ ಗುಣ ಕೊಡುತ್ತದೆ. ಮಳೆ ಹದಿನೈದು ದಿನ ಕೈಕೊಟ್ಟಾಗ ಗೊಬ್ಬರ ತಿಂದ ಹೊಲದ ಪೈರು ಬೇಗ ಬಾಡದಿರುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಸಗಣಿ ಸಾಲದಿದ್ದರೆ ಹೊಂಗೆ ಸೊಪ್ಪಿದೆ, ಸೆಣಬು, ಡಯಾಂಚ ಬಿತ್ತಿ ಮಣ್ಣಿಗೆ ಸೇರಿಸುವ ದಾರಿಯಿದೆ. ರಾಗಿ ಹೊಲದಲ್ಲಿ ಅವರೆ, ತೊಗರಿಯ ಅಕ್ಕಡಿ ಸಾಲು ಇಡುತ್ತಿದ್ದದ್ದೂ ಇದೇ ಉಪಾಯ. ಅವುಗಳ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ.

ಎರಡನೆಯ ಲೆಕ್ಕ ಕಳೆಯದ್ದು. ಕಳೆನಾಶಕ ಬಿಟ್ಟ ಮನೆಯಲ್ಲಿ ಬಗ್ಗಿ ಕಳೆ ಕೀಳುವವರು ಯಾರು? ಬಹುಪಾಲು ನಮ್ಮ ತಾಯಂದಿರು, ಅಕ್ಕತಂಗಿಯರು. ಸಾವಯವಕ್ಕೆ ಹೋಗೋಣವೇ ಎಂಬ ಮಾತು ಜಗಲಿಯ ಮೇಲೆ ಗಂಡಸರ ನಡುವೆ ತೀರ್ಮಾನವಾಗಿ, ಅದರ ದುಡಿಮೆ ಹೆಂಗಸರ ಬೆನ್ನಿನ ಮೇಲೆ ಬಿದ್ದರೆ ಅದು ಎರಡನೇ ವರ್ಷಕ್ಕೇ ನಿಲ್ಲುತ್ತದೆ. ಮೊದಲು ಮನೆಯವರನ್ನು ಕೇಳಬೇಕು. ಸಾಲು ಬಿತ್ತನೆ ಮಾಡಿ ಕುಂಟೆ ಹೊಡೆದರೆ ಆಳು ಕಡಿಮೆ ಸಾಕು. ಮುಯ್ಯಾಳು ಪದ್ಧತಿ ಉಳಿದಿರುವ ಕಡೆ ಕೂಲಿಯೂ ಉಳಿಯುತ್ತದೆ.

ಮೂರನೆಯದು ಇಳುವರಿ. 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ ಒಂದು ಅಧ್ಯಯನ ಬಂತು. ಬೆಳೆ ಮತ್ತು ಸ್ಥಿತಿಗತಿ ನೋಡಿಕೊಂಡು ಸಾವಯವದ ಇಳುವರಿ ಶೇ. 5ರಿಂದ 34ರವರೆಗೆ ಕಡಿಮೆ ಎಂದು ಅದು ಹೇಳಿತು. ಮಳೆಯಾಶ್ರಿತ ದ್ವಿದಳ ಧಾನ್ಯ ಮತ್ತು ಬಹುವಾರ್ಷಿಕ ಬೆಳೆಗಳಲ್ಲಿ ಈ ಅಂತರ ತೀರಾ ಕಡಿಮೆ. ಆದ್ದರಿಂದ ‘ಸಾವಯವ ಆಗುತ್ತದೆಯೇ’ ಎಂದು ಕೇಳಿದರೆ ಸಾಲದು. ಯಾವ ಬೆಳೆಗೆ, ಯಾವ ಹೊಲದಲ್ಲಿ ಎಂದು ಕೇಳಬೇಕು. ಅವರೆ, ತೊಗರಿ, ಮಾವು, ತೆಂಗಿನಿಂದ ಶುರು ಮಾಡುವವನಿಗೂ ಟೊಮೆಟೊದಿಂದ ಶುರು ಮಾಡುವವನಿಗೂ ಬಹಳ ವ್ಯತ್ಯಾಸವಿದೆ.

ನಾಲ್ಕನೆಯದು ಮಾರಾಟ. ರಫ್ತಿನ ದರ್ಜೆಯ ಪ್ರಮಾಣಪತ್ರಕ್ಕೆ ವಾರ್ಷಿಕ ಬೆಳೆಗಾದರೆ ಎರಡು ವರ್ಷ, ತೋಟದ ಬೆಳೆಗಾದರೆ ಮೂರು ವರ್ಷ ಪರಿವರ್ತನೆಯ ಅವಧಿ. ಆ ವರ್ಷಗಳಲ್ಲಿ ಖರ್ಚು ಸಾವಯವದ್ದು, ಮಂಡಿಯಲ್ಲಿ ಸಿಗುವ ಬೆಲೆ ಮಾಮೂಲಿಯದು. ಸಣ್ಣ ರೈತ ಮುಗ್ಗರಿಸುವುದು ಇಲ್ಲೇ. ಪಿ.ಜಿ.ಎಸ್. ಎಂಬ ಇನ್ನೊಂದು ವ್ಯವಸ್ಥೆ ಇದೆ. ಕನಿಷ್ಠ ಐದು ಜನ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುವುದು. ಖರ್ಚು ಕಡಿಮೆ, ಒಳನಾಡಿನ ಮಾರಾಟಕ್ಕೆ ಸಾಕು. ಆದರೆ ಅದಕ್ಕೆ ಬೇಕಾದ ಬಂಡವಾಳ ಪರಸ್ಪರ ನಂಬಿಕೆ.

ಐದನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಭೂಮಿ ಯಾರದು? 1974ರ ಭೂಸುಧಾರಣೆಯ ನಂತರ ಕಾನೂನಿನ ಪ್ರಕಾರ ಗೇಣಿ ಹೆಚ್ಚುಕಡಿಮೆ ಇಲ್ಲ. ಆದರೆ ವಾರಕ್ಕೆ, ಗುತ್ತಿಗೆಗೆ ಬಾಯಿಮಾತಿನಲ್ಲಿ ಮಾಡುವವರು ಊರೂರಲ್ಲಿ ಇದ್ದಾರೆ. ಅವರ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ತಿಳಿಯದವನು ಮೂರು ವರ್ಷಕ್ಕೆ ಫಲ ಕೊಡುವ ಗೊಬ್ಬರವನ್ನು ಯಾಕೆ ಹಾಕುತ್ತಾನೆ? ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿ ಜಮೀನು ಗುತ್ತಿಗೆಗೆ ಕೊಟ್ಟಿರುವ ಹಳೆಯ ವಿದ್ಯಾರ್ಥಿ ಮಿತ್ರರು ಇಲ್ಲಿ ಹಲವರಿದ್ದೀರಿ. ನಿಮ್ಮ ಮಣ್ಣು ಚೆನ್ನಾಗಿರಬೇಕೆಂದರೆ ಮಾಡುವವನಿಗೆ ಐದು ವರ್ಷದ ಮಾತು ಕೊಡಿ. ತಿಂಗಳ ಸಂಬಳ ಇರುವವರು ಸಂಬಳ ಇಲ್ಲದವನಿಗೆ ಧೈರ್ಯ ಹೇಳುವಾಗ ನಷ್ಟದಲ್ಲೂ ಪಾಲು ತೆಗೆದುಕೊಳ್ಳಬೇಕು.

ಈ ಲೆಕ್ಕವನ್ನು ರೈತನ ಕೈಯಿಂದ ಕಿತ್ತುಕೊಂಡರೆ ಏನಾಗುತ್ತದೆ ಎಂಬುದನ್ನು ಶ್ರೀಲಂಕಾ ತೋರಿಸಿತು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನೇ ದಿಢೀರನೆ ನಿಷೇಧಿಸಿತು. ಭತ್ತ ಕುಸಿಯಿತು, ಚಹಾ ಕುಸಿಯಿತು, ಅದೇ ವರ್ಷದ ನವೆಂಬರಿನಲ್ಲಿ ನಿಷೇಧ ಹಿಂತೆಗೆಯಬೇಕಾಯಿತು. ಸಿಕ್ಕಿಂ ಹೆಜ್ಜೆ ಹೆಜ್ಜೆಯಾಗಿ ನಡೆಯಿತು. 2003ರಲ್ಲಿ ಸಂಕಲ್ಪ ಮಾಡಿದ ರಾಜ್ಯ ಪೂರ್ಣ ಸಾವಯವ ಎನಿಸಿಕೊಂಡದ್ದು 2016ರಲ್ಲಿ. ಅದೇ 2016ರಿಂದ ಪಕ್ಕದ ಆಂಧ್ರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ನೈಸರ್ಗಿಕ ಕೃಷಿ ಹಬ್ಬುತ್ತಿದೆ. ಅಲ್ಲಿ ಮಾಡಿ ನೋಡಿದ ರೈತರೇ ಉಳಿದವರಿಗೆ ಹೇಳಿಕೊಡುತ್ತಾರೆ.

ನಮ್ಮಲ್ಲೂ ದಾರಿ ಅದೇ. ಪಕ್ಕದ ಹೊಲ ನೋಡದೆ ನಮ್ಮ ರೈತ ಯಾವುದನ್ನೂ ನಂಬುವವನಲ್ಲ, ನಂಬಲೂಬಾರದು. ಇಡೀ ಜಮೀನು ಬದಲಿಸುವುದು ಬೇಡ. ಹತ್ತು ಗುಂಟೆ ಸಾಕು. ಮೂರು ವರ್ಷ ಅದೇ ಹತ್ತು ಗುಂಟೆಯಲ್ಲಿ ಮಾಡಿ, ಖರ್ಚು, ಆಳು, ಇಳುವರಿ, ಮಾರಿದ ಬೆಲೆ ಬರೆದಿಡಿ. ಲಾಭ ಕಂಡರೆ ಇಪ್ಪತ್ತು ಗುಂಟೆಗೆ ಹೋಗಿ. ಕಾಣದಿದ್ದರೆ ನಿಲ್ಲಿಸಿ, ಅದರಲ್ಲಿ ನಾಚಿಕೆಯಿಲ್ಲ.

ಬರೆದಿಡುವ ಕೆಲಸಕ್ಕೆ ನಮ್ಮ ಶಾಲೆ ನೆರವಾಗಬಹುದು. ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಮನೆಯ ಹೊಲದ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ, ಮಣ್ಣಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲಿ. ಐದು ವರ್ಷ ಕಳೆದರೆ ಈ ಊರಿನ ಮಣ್ಣಿಗೆ ಯಾವುದು ಒಗ್ಗುತ್ತದೆ ಎಂಬ ಉತ್ತರ ಶಾಲೆಯ ಬೀರುವಿನಲ್ಲೇ ಇರುತ್ತದೆ. ಆಗ ಹೊರಗಿನಿಂದ ಭಾಷಣಕಾರರನ್ನು ಕರೆಸುವ ಅಗತ್ಯ ಇರುವುದಿಲ್ಲ.

  ಪ್ರಶ್ನೆ ಇದ್ದವರು ಊಟದ ಪಂಕ್ತಿಯಲ್ಲಿ ಕೇಳಿ, ನಾನೂ ಅಲ್ಲೇ ಇರುತ್ತೇನೆ.