ಅಂಗಡಿಯ ಲೆಕ್ಕ ಮತ್ತು ತರಬೇತಿಯ ಫಲ



ಶಿವಾಜಿನಗರದ ವ್ಯಾಪಾರಿಗೆ ವ್ಯಾಪಾರ ಕಲಿಸುವವರು ಯಾರು? ರಸೆಲ್ ಮಾರ್ಕೆಟ್ ಆರಂಭವಾದಂದಿನಿಂದ ಇಲ್ಲಿ ಈ ವಿದ್ಯೆ ತಂದೆಯಿಂದ ಮಗನಿಗೆ ಹರಿದು ಬಂದಿದೆ. ಗಿರಾಕಿಯ ಮುಖ ನೋಡಿ ಮನಸ್ಸು ಅರಿಯುವ, ಸರಕು ಮುಟ್ಟಿ ಗುಣ ಹೇಳುವ ಅನುಭವವನ್ನು ಯಾವ ತರಗತಿಯೂ ಕೊಡಲಾರದು. ಆದ್ದರಿಂದಲೇ ನಿರ್ವಹಣಾ ತರಬೇತಿ ಎಂದೊಡನೆ ನಮ್ಮವರು ನಗುತ್ತಾರೆ.

ಆದರೆ ಅನುಭವ ಉತ್ತರಿಸಲಾರದ ಪ್ರಶ್ನೆಗಳೂ ಇವೆ. ಕಳೆದ ತಿಂಗಳು ಯಾವ ಸರಕಿನಲ್ಲಿ ಎಷ್ಟು ಉಳಿಯಿತು? ಉದ್ರಿ ಎಷ್ಟು ಹೊರಗಿದೆ? ಗಲ್ಲಾಪೆಟ್ಟಿಗೆಯಿಂದ ಮನೆಖರ್ಚಿಗೆ ಹೋದದ್ದೆಷ್ಟು? 2012ರ ಫೆಬ್ರವರಿಯಲ್ಲಿ ಇದೇ ಮಾರ್ಕೆಟ್‌ಗೆ ಬೆಂಕಿ ಬಿದ್ದು ಅನೇಕ ಮಳಿಗೆಗಳು ಭಸ್ಮವಾದವು. ಲೆಕ್ಕವೆಲ್ಲ ತಲೆಯಲ್ಲೇ ಇದ್ದರೆ, ಅಂತಹ ದಿನ ನಷ್ಟವೆಷ್ಟೆಂದು ವಿಮಾ ಕಂಪೆನಿಗೆ ಅಥವಾ ಬ್ಯಾಂಕಿಗೆ ತೋರಿಸುವುದು ಹೇಗೆ?

ತರಬೇತಿಯಿಂದ ಲಾಭವಿದೆಯೇ? ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 2008ರಿಂದ ಮುಂಬೈ ಸುತ್ತಲಿನ ಜವಳಿ ಕಾರ್ಖಾನೆಗಳಲ್ಲಿ ಇದನ್ನು ಪರೀಕ್ಷಿಸಿದರು. ಸಲಹೆಗಾರರು ತಿಂಗಳುಗಟ್ಟಲೆ ಕಾರ್ಖಾನೆಗೇ ಬಂದು, ದಾಸ್ತಾನು, ಗುಣಮಟ್ಟ ಮತ್ತು ಯಂತ್ರದುರಸ್ತಿಯ ದಾಖಲೆ ಇಡುವುದನ್ನು ರೂಢಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17ರಷ್ಟು ಏರಿತು. ಅವು ನಮ್ಮ ಅಂಗಡಿಗಳಿಗಿಂತ ಬಹಳ ದೊಡ್ಡವು ಎನ್ನುವಿರಿ. ಸರಿ, ಆಫ್ರಿಕಾದ ಟೋಗೋ ದೇಶವನ್ನು ನೋಡೋಣ. ಅಲ್ಲಿ 1,500 ಸಣ್ಣ ಉದ್ಯಮಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲೆಕ್ಕಪತ್ರದ ಸಾಂಪ್ರದಾಯಿಕ ಪಾಠ ಪಡೆದವರಲ್ಲಿ ಖಚಿತವಾದ ಲಾಭವೃದ್ಧಿ ಕಾಣಲಿಲ್ಲ. ಮುಂದಾಲೋಚನೆ, ಹೊಸತನ, ಅಡ್ಡಿಗಳನ್ನು ಎದುರಿಸುವ ಮನೋಭಾವ ಕಲಿತವರ ಲಾಭವಾದರೋ ಶೇ. 30ರಷ್ಟು ಹೆಚ್ಚಿತು. ಅಂದರೆ ಎಲ್ಲ ತರಬೇತಿಯೂ ಒಂದೇ ಅಲ್ಲ. ಎರಡು ದಿನ ಕುಳಿತು, ಪ್ರಮಾಣಪತ್ರ ಪಡೆದು, ಮರುದಿನ ಹಳೆಯ ರೂಢಿಗೇ ಮರಳಿದರೆ ಬದಲಾವಣೆಯನ್ನು ನಿರೀಕ್ಷಿಸಲಾಗದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ತರಬೇತಿಯ ನಂತರವೂ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವ ಕ್ರಮವನ್ನು ಇಟ್ಟುಕೊಂಡದ್ದು ಇದಕ್ಕಾಗಿಯೇ.

ಮುಂಬೈ ಅಧ್ಯಯನದ ಇನ್ನೊಂದು ಮಾತು ನಮ್ಮನ್ನು ನೇರವಾಗಿ ತಟ್ಟುತ್ತದೆ. ಅಲ್ಲಿ ಉದ್ಯಮದ ಗಾತ್ರ, ಮಾಲೀಕರ ಕುಟುಂಬದಲ್ಲಿರುವ ಗಂಡಸರ ಸಂಖ್ಯೆಯನ್ನು ಅವಲಂಬಿಸಿತ್ತು. ಹೊರಗಿನವರಲ್ಲಿ ನಂಬಿಕೆಯಿಲ್ಲದ ಕಾರಣ ಸಮರ್ಥರಿಗೂ ಹೊಣೆ ಸಿಗುತ್ತಿರಲಿಲ್ಲ. ನಮ್ಮ ಓಣಿಗಳಲ್ಲಿಯೂ ಹೀಗೇ ಅಲ್ಲವೇ? ಹತ್ತು ವರ್ಷ ದುಡಿದ ನೌಕರನಿಗೆ ಖರೀದಿಯ ಅಧಿಕಾರವಿಲ್ಲ. ಬಿ.ಕಾಂ. ಮುಗಿಸಿದ ಮಗಳು ಮನೆಯಲ್ಲಿದ್ದಾಳೆ, ಅಂಗಡಿಯ ಲೆಕ್ಕ ಮಾತ್ರ ಚೀಟಿಗಳಲ್ಲಿ ಚದುರಿದೆ. ತಂದೆ ಹಾಸಿಗೆ ಹಿಡಿದ ದಿನ ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ಯಾರಿಗೂ ತಿಳಿಯದು. ಅಣ್ಣತಮ್ಮಂದಿರ ಮನಸ್ತಾಪಗಳು ಇಲ್ಲಿಂದಲೇ ಹುಟ್ಟುತ್ತವೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ತರಬೇತಿಗೆ ಮಾಲೀಕನೊಬ್ಬನೇ ಬರದಿರಲಿ, ಮಗಳನ್ನೋ ಸೊಸೆಯನ್ನೋ ನಂಬಿಕಸ್ಥ ನೌಕರನನ್ನೋ ಜೊತೆಗೆ ಕರೆತರಲಿ. ಅಂಗಡಿಯ ಹಣ ಮತ್ತು ಮನೆಯ ಹಣ ಈ ತಿಂಗಳಿನಿಂದಲೇ ಬೇರೆಯಾಗಲಿ. ಪ್ರತಿ ಓಣಿಯ ವ್ಯಾಪಾರಿಗಳು ತಿಂಗಳಿಗೊಮ್ಮೆ ಕುಳಿತು, ಕಲಿತದ್ದರಲ್ಲಿ ಎಷ್ಟು ಜಾರಿಯಾಯಿತೆಂದು ಪರಸ್ಪರ ಕೇಳಿಕೊಳ್ಳಲಿ. ಇಂದು ರಾತ್ರಿ ಬಾಗಿಲು ಹಾಕುವ ಮುನ್ನ ಉದ್ರಿಯ ಪಟ್ಟಿಯನ್ನಾದರೂ ಬರೆದಿಡಿ.