ಉಳ್ಳಾಗಡ್ಡಿಯ ಒಡಲೊಳಗೆ

ಉಳ್ಳಾಗಡ್ಡಿಯನ್ನು ಪದರು ಪದರಾಗಿ ಸುಲಿದರೆ ಕೊನೆಗೆ ಏನೂ ಉಳಿಯದು ಎಂಬ ಮಾತುಂಟು. ‘ನಾನು’ ಎಂಬುದರ ಪೊಳ್ಳುತನ ತೋರಿಸಲು ರಾಮಕೃಷ್ಣ ಪರಮಹಂಸರು ಇದೇ ಉದಾಹರಣೆ ಕೊಟ್ಟರು. ನಾರ್ವೆಯ ಇಬ್ಸೆನ್ 1867ರ ‘ಪೀರ್ ಗಿಂಟ್’ ನಾಟಕದಲ್ಲಿ ನಾಯಕನ ಕೈಗೇ ಉಳ್ಳಾಗಡ್ಡಿ ಕೊಟ್ಟು ಸುಲಿಸಿದ, ತಿರುಳು ಸಿಗಲಿಲ್ಲ. ಆದರೆ ಮಳೆಗಾಲದಲ್ಲಿ ಬೀದರಿನ ಭಾಲ್ಕಿ, ಔರಾದ ಕಡೆಯ ಅಡುಗೆಮನೆಯ ಬುಟ್ಟಿ ನೋಡಿದವರು ಇದನ್ನು ಒಪ್ಪುವುದು ಕಷ್ಟ. ಒಳಗೆ ಏನೂ ಇಲ್ಲದಿದ್ದರೆ ಗಡ್ಡೆಯ ನೆತ್ತಿ ಸೀಳಿಕೊಂಡು ಆ ಹಸಿರು ಮೊಳಕೆ ಎಲ್ಲಿಂದ ಬಂತು? ನಾವು ಪದರು ಎನ್ನುವುದು ಎಲೆಗಳ ದಪ್ಪನೆಯ ಬುಡ. ಬೇರಿನ ಮೇಲಿನ ಗಟ್ಟಿ ಬಿಲ್ಲೆಯೇ ಕಾಂಡ. ಅದರ ನಡುವೆ, ಎಲ್ಲ ಪದರುಗಳ ಮರೆಯಲ್ಲಿ, ಮೊಗ್ಗು ಕೂತಿರುತ್ತದೆ. ಗಡ್ಡೆಯನ್ನು ಮತ್ತೆ ನೆಟ್ಟರೆ ಹೂದಂಡು ಎದ್ದು ಬೀಜ ಕಟ್ಟುವುದು ಅಲ್ಲಿಂದಲೇ.

ಪರಮಹಂಸರು ಹೇಳಿದ್ದು ಅಧ್ಯಾತ್ಮ, ಸಸ್ಯಶಾಸ್ತ್ರವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸರಿಯೇ. ಅವರ ತತ್ವಕ್ಕೆ ಇದರಿಂದ ಕುಂದಿಲ್ಲ; ಉಳ್ಳಾಗಡ್ಡಿಗೆ ಅಂಟಿದ ಅಪವಾದ ಮಾತ್ರ ಕಳೆಯಬೇಕು. ಇನ್ನು ಅದರ ಘಾಟು. ಇಡೀ ಗಡ್ಡೆಯನ್ನು ಮೂಸಿದರೆ ಅಷ್ಟೇನೂ ಇಲ್ಲ. ಜೀವಕೋಶ ಒಡೆದಾಗ ಗಂಧಕದ ಸಂಯುಕ್ತಕ್ಕೆ ಕಿಣ್ವ ತಾಗಿ ಘಾಟು ಆಗಷ್ಟೇ ಹುಟ್ಟುತ್ತದೆ. ಕಣ್ಣೀರು ತರಿಸುವ ಕಿಣ್ವವೇ ಬೇರೆ ಎಂದು 2002ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಬೀದರ್ ಸೀಮೆಯಲ್ಲಿ ಜೋಳದ ರೊಟ್ಟಿಯೊಂದಿಗೆ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ತಿನ್ನುವವರಿಗೆ ಈ ರಸಾಯನಶಾಸ್ತ್ರ ನಾಲಿಗೆಯ ಮೇಲೇ ಗೊತ್ತು. ಮೊಳಕೆ ಬಂದದ್ದನ್ನು, ಕೊಳೆತಿರದಿದ್ದರೆ, ತಿಪ್ಪೆಗೆ ಎಸೆಯಬೇಡಿ, ಮಣ್ಣಿಗಿಡಿ. ಅದರ ಹಸಿರು ತಪ್ಪಲಿನಿಂದ ಒಳ್ಳೆಯ ಝುಣಕವಾಗುತ್ತದೆ.