ಹಿಗ್ಗಿದ ಹೃದಯ ಧಮನಿಗಳು: ಪೋಷಕರಿಗೆ ತಿಳಿದಿರಬೇಕಾದ ವಿಷಯ



ದೇಹಕ್ಕೆಲ್ಲ ರಕ್ತವನ್ನು ಒದಗಿಸುವ ಹೃದಯಕ್ಕೂ ರಕ್ತದ ಪೂರೈಕೆ ಬೇಕು. ಅದನ್ನು ಒಯ್ಯುವ ನಾಳಗಳೇ ಕರೋನರಿ ಧಮನಿಗಳು. ಇವು ಕಿರಿದಾದರೆ ಅಪಾಯವೆಂಬುದು ಬಹುಜನರಿಗೆ ತಿಳಿದಿದೆ. ಅವು ಮಿತಿಮೀರಿ ಹಿಗ್ಗಿದರೂ ಹೃದಯಕ್ಕೆ ರಕ್ತದ ಕೊರತೆಯಾಗಬಹುದೆಂಬುದು ಅಷ್ಟಾಗಿ ತಿಳಿದಿಲ್ಲ.

ಧಮನಿಯ ಒಂದು ಭಾಗವು ಪಕ್ಕದ ಸಹಜ ಭಾಗಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಅಗಲವಾದರೆ ಅದನ್ನು ಅಸಹಜ ಹಿಗ್ಗುವಿಕೆಯೆಂದು ಪರಿಗಣಿಸಲಾಗುತ್ತದೆ. ರಭಸದಿಂದ ಬಂದ ಕಾಲುವೆಯ ನೀರು ಕೆರೆಯನ್ನು ಸೇರಿದೊಡನೆ ನಿಧಾನವಾಗಿ, ಹೂಳು ತಂಗುತ್ತದೆ. ಅಂತೆಯೇ ಹಿಗ್ಗಿದ ಭಾಗದಲ್ಲಿ ರಕ್ತದ ವೇಗವು ಕುಗ್ಗಿ, ಹೆಪ್ಪುಗಟ್ಟುವ ಸಂಭವವುಂಟು. ಆ ಹೆಪ್ಪು ಧಮನಿಯನ್ನು ಮುಚ್ಚಿದರೆ ಹೃದಯಾಘಾತವಾಗುತ್ತದೆ.

ವಯಸ್ಕರಲ್ಲಿ ಇದಕ್ಕೆ ಮುಖ್ಯ ಕಾರಣ ಧಮನಿಯ ಗೋಡೆಯಲ್ಲಿ ಕೊಬ್ಬು ಸಂಚಯಗೊಳ್ಳುವುದು. ಮಕ್ಕಳಲ್ಲಿ ಮುಖ್ಯ ಕಾರಣ ಕವಾಸಾಕಿ ರೋಗ. ಜಪಾನಿನ ಮಕ್ಕಳ ವೈದ್ಯ ಡಾ. ತೊಮಿಸಾಕು ಕವಾಸಾಕಿ ಅವರು ಇದರ ಲಕ್ಷಣಗಳನ್ನು 1961ರಲ್ಲಿ ಬಾಲಕನೊಬ್ಬನಲ್ಲಿ ಗುರುತಿಸಿ, 1967ರಲ್ಲಿ 50 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಇದು ತಾನಾಗಿಯೇ ವಾಸಿಯಾಗುವ ನಿರಪಾಯಕಾರಿ ರೋಗವೆಂದು ಆರಂಭದಲ್ಲಿ ಭಾವಿಸಲಾಗಿತ್ತು. ಹೃದಯ ಧಮನಿಗಳಿಗಾಗುವ ಹಾನಿಯು ಬೆಳಕಿಗೆ ಬಂದದ್ದು ಆನಂತರ.

ಈ ರೋಗವು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಐದು ದಿನಗಳಾದರೂ ಇಳಿಯದ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣುಗಳು, ಬಿರಿದ ತುಟಿ, ಕೆಂಪೇರಿದ ನಾಲಿಗೆ, ಮೈಮೇಲೆ ದದ್ದು, ಕೈಕಾಲುಗಳ ಊತ, ಕುತ್ತಿಗೆಯಲ್ಲಿ ಗಡ್ಡೆ ಇದರ ಲಕ್ಷಣಗಳು. ಎಲ್ಲವೂ ಒಮ್ಮೆಲೇ ಕಾಣಿಸಿಕೊಳ್ಳಬೇಕೆಂದಿಲ್ಲ. ದಡಾರವೆಂದು ತಿಳಿದು ಕಾಲ ಕಳೆಯುವ ಸಂಭವವೂ ಉಂಟು. ಚಿಕಿತ್ಸೆಯಿಲ್ಲದೆಯೂ ಜ್ವರವು ಕ್ರಮೇಣ ಇಳಿಯುತ್ತದೆ. ಬೆರಳ ತುದಿಯ ಚರ್ಮ ಸುಲಿಯುತ್ತದೆ. ಮಗು ಗುಣವಾಯಿತೆಂದು ಮನೆಯವರು ನೆಮ್ಮದಿ ತಾಳುವ ವೇಳೆಗೆ ಧಮನಿಗಳು ಹಿಗ್ಗಿರಬಹುದು.

ಚಿಕಿತ್ಸೆ ದೊರೆಯದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಧಮನಿಗಳ ಹಾನಿಯಾಗುತ್ತದೆ. ಜ್ವರ ಆರಂಭವಾದ ಹತ್ತು ದಿನಗಳೊಳಗೆ ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್ ನೀಡಿದರೆ ಈ ಪ್ರಮಾಣವು ಶೇಕಡ 5ರಷ್ಟಕ್ಕೆ ಇಳಿಯುತ್ತದೆ. ಜೊತೆಗೆ ಆಸ್ಪಿರಿನ್ ಕೊಡುವುದುಂಟು. ಅದನ್ನು ವೈದ್ಯರ ಸೂಚನೆಯಿಲ್ಲದೆ ಮಕ್ಕಳಿಗೆ ಕೊಡಕೂಡದು. ನೋವಿಲ್ಲದ ಎಕೋ ಪರೀಕ್ಷೆಯಿಂದ ಧಮನಿಗಳ ಸ್ಥಿತಿ ತಿಳಿಯುತ್ತದೆ. ಹಿಗ್ಗುವಿಕೆ ಉಳಿದಿದ್ದರೆ, ಮಗು ಆಡಿಕೊಂಡಿದ್ದರೂ, ನಿಯತಕಾಲಿಕ ತಪಾಸಣೆಯನ್ನು ಬಿಡಬಾರದು.

ಐದನೆಯ ದಿನವೂ ಜ್ವರ ಇಳಿಯದಿದ್ದರೆ ಆರನೆಯ ದಿನಕ್ಕೆ ಕಾಯದೆ ಮಗುವನ್ನು ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಜ್ವರ ಬಂದ ದಿನವನ್ನು ಅವರಿಗೆ ತಪ್ಪದೆ ತಿಳಿಸಿರಿ. ಆ ಒಂದು ದಿನಾಂಕದ ಮೇಲೆ ಮಗುವಿನ ಹೃದಯದ ಭವಿಷ್ಯವು ನಿಂತಿರಬಹುದು.